ಅಪ್ಪ-ಅಮ್ಮನ ಪರವಾಗಿ ಮಾತಾಡುವ ಮಕ್ಕಳು

ಚೀನಾದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಎಷ್ಟೋ ಮನೆಗಳಲ್ಲಿ ಅಂಚೆಯಲ್ಲಿ ಬಂದ ಲಕೋಟೆ ಒಡೆದು ಓದುವವರು ಮಕ್ಕಳು. ಕರೆಂಟ್ ಬಿಲ್, ಮನೆ ಮಾಲೀಕರ ನೋಟಿಸ್, ವಿಮಾ ಕಂಪನಿಯ ಪತ್ರ ಎಲ್ಲವನ್ನೂ ಹತ್ತು ವರ್ಷದ ಹುಡುಗಿ ಓದಿ ಅಮ್ಮನಿಗೆ ಚೀನೀ ನುಡಿಗಳಲ್ಲೊಂದಾದ ಕ್ಯಾಂಟನೀಸ್‌ನಲ್ಲಿ ಹೇಳುತ್ತಾಳೆ. ವಿಮೆಯ ಷರತ್ತು ಅವಳಿಗೂ ಅರ್ಥವಾಗಿರುವುದಿಲ್ಲ. ಅಮ್ಮ ಕಾಯುತ್ತಿರುವಾಗ ಸುಮ್ಮನಿರುವಂತೆಯೂ ಇಲ್ಲ.

ಇಂಥ ಕುಟುಂಬಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಬೇರೂರಿದ್ದು ತಡವಾಗಿ. 1882ರ ಕಾಯ್ದೆ ಚೀನೀ ಕಾರ್ಮಿಕರ ಪ್ರವೇಶವನ್ನೇ ತಡೆದಿತ್ತು. 1943ರಲ್ಲಿ ಅದು ರದ್ದಾದರೂ ವರ್ಷಕ್ಕೆ ಬರಬಹುದಾದವರ ಮಿತಿ ಬರೀ 105. ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ.

ಹೊಸ ನೆಲಕ್ಕೆ ಮನೆಮಂದಿಯೆಲ್ಲ ಒಂದೇ ವೇಗದಲ್ಲಿ ಒಗ್ಗಿಕೊಳ್ಳುವುದಿಲ್ಲ. ಮಕ್ಕಳಿಗೆ ಶಾಲೆಯಲ್ಲಿ ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಸಲೀಸಾಗುತ್ತದೆ. ಚೀನೀಯರೇ ತುಂಬಿರುವ ಹೋಟೆಲಿನ ಅಡುಗೆಮನೆಯಲ್ಲೋ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲೋ ದಿನವಿಡೀ ದುಡಿಯುವ ಅಪ್ಪ-ಅಮ್ಮನಿಗೆ ಅದನ್ನು ಕಲಿಯಲು ಸಮಯವೂ ಇಲ್ಲ, ಆಡಲು ಸಂದರ್ಭವೂ ಇಲ್ಲ. ಇತ್ತ ಮಕ್ಕಳ ಚೀನೀ ಭಾಷೆ ಊಟ-ತಿಂಡಿಯ ಮಾತಿಗೇ ನಿಂತುಬಿಡುತ್ತದೆ. ತರಗತಿಯಲ್ಲಿ ಆದ ಅವಮಾನವನ್ನು, ಹದಿಹರೆಯದ ತಳಮಳವನ್ನು ಹೇಳಿಕೊಳ್ಳುವಷ್ಟು ಅದು ಬೆಳೆಯುವುದೇ ಇಲ್ಲ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ. ಅಮೆರಿಕದ ಕನ್ನಡ ಮನೆಗಳಿಗೂ ಈ ಸಂಕಟ ಹೊಸದಲ್ಲ.

ಹಾಗೆಂದು ಮನೆಯವರಿಗೆ ದುಭಾಷಿಯಾಗುವುದೇ ಮಕ್ಕಳಿಗೆ ಕೆಡುಕಲ್ಲ. 'ನನ್ನಿಂದ ಮನೆಗೆ ಉಪಯೋಗವಾಯಿತು' ಎಂದುಕೊಳ್ಳುವ ಮಗುವಿನಲ್ಲಿ ಆತ್ಮವಿಶ್ವಾಸ ಬೆಳೆಯುವುದನ್ನೂ, ಅದು ಹೊರೆ ಎನಿಸಿದ ಮಗುವಿನಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚುವುದನ್ನೂ ಸಂಶೋಧಕರು ಕಂಡಿದ್ದಾರೆ. ಅಪ್ಪ-ಅಮ್ಮನ ಜತೆಗಿನ ಒಡನಾಟವೂ ಅಷ್ಟೇ ಮುಖ್ಯ. ಚೀನೀ ಪೋಷಕರೆಂದರೆ ಕಟ್ಟುನಿಟ್ಟು, ಅದರಿಂದಲೇ ಮಕ್ಕಳಿಗೆ ಒಳ್ಳೆಯ ಅಂಕ ಎಂಬ ನಂಬಿಕೆ ಇದೆಯಲ್ಲ? ಸಂಶೋಧಕಿ ಸು ಯಂಗ್ ಕಿಮ್ ಮತ್ತು ಸಂಗಡಿಗರು ಉತ್ತರ ಕ್ಯಾಲಿಫೋರ್ನಿಯಾದ 444 ಚೀನೀ ಅಮೆರಿಕನ್ ಕುಟುಂಬಗಳನ್ನು 8 ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಅಲ್ಲಗಳೆಯಿತು. ಪೋಷಕರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಅಕ್ಕರೆಯಿಂದ ಬೆಂಬಲಿಸುವವರದೇ ಆಗಿತ್ತು. ಓದಿನಲ್ಲೂ ನೆಮ್ಮದಿಯಲ್ಲೂ ಮುಂದಿದ್ದವರು ಅಂಥವರ ಮಕ್ಕಳೇ.

ತುರ್ತು ಸಂದರ್ಭ ಬಿಟ್ಟರೆ ಆಸ್ಪತ್ರೆಗಳು ಮಕ್ಕಳನ್ನು ದುಭಾಷಿಗಳಾಗಿ ಬಳಸಬಾರದೆಂದು ಅಮೆರಿಕ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅಮ್ಮನ ಗಡ್ಡೆಯ ಸುದ್ದಿಯನ್ನು ಮಗಳ ಬಾಯಿಂದಲೇ ಹೇಳಿಸುವ ಕ್ರೌರ್ಯಕ್ಕೆ ಇದರಿಂದ ತಡೆ ಬಿತ್ತು. ಮನೆಗೆ ಬರುವ ಲಕೋಟೆಗಳಿಗೆ ಮಾತ್ರ ಅಂಥ ನಿಯಮವಿಲ್ಲ. ಅವನ್ನು ಓದಿ ಹೇಳುವ ಕೆಲಸ ಇನ್ನೂ ಮಕ್ಕಳದೇ.