ಹಸಿರು ಚುಕ್ಕಿ ಇದ್ದೂ ಲೈನು ಸತ್ತಿತ್ತು: ರಿಯಾಕ್ಟಿವ್ ಕೋಡಿನಲ್ಲಿ ವೆಬ್‌ಸಾಕೆಟ್ ಇಷ್ಟು ಗೋಜಲಾಗಿದ್ದು ಹೇಗೆ?

ತೀರ್ಥಹಳ್ಳಿಯಲ್ಲಿ ನನ್ನ ಸೋದರಮಾವನ ಅಡಿಕೆ ಅಂಗಡಿ ಇದೆ. ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ದರ್ಜೆಗಳ ರೇಟು ಗೋಡೆಯ ಪರದೆಯಲ್ಲಿ ತಾನಾಗೇ ಬದಲಾಗುವ ಹಾಗೆ ಒಂದು ಪುಟ್ಟ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಆಷಾಢದ ಒಂದು ಮಧ್ಯಾಹ್ನ ಮಾವ ಫೋನ್ ಮಾಡಿದರು. "ಎಂತ ಮಾರಾಯ, ಬೆಳಗ್ಗೆ ಹತ್ತು ಗಂಟೆ ರೇಟೇ ಇನ್ನೂ ಕೂತಿದೆಯಲ್ಲ?" ಪರದೆಯ ಮೂಲೆಯಲ್ಲಿ ಹಸಿರು ಚುಕ್ಕಿ ಇತ್ತು. ಅಂದರೆ ಸಂಪರ್ಕ ಇದೆ ಅಂತ. ನಿಜವಾಗಿ ಇರಲಿಲ್ಲ. ಮಳೆಗೆ ಲೈನು ಹೋಗಿ, ಮತ್ತೆ ಬಂದಿತ್ತು. ಹಳೆಯ ಸಂಪರ್ಕ ನಡುವೆ ಎಲ್ಲೋ ಸತ್ತಿತ್ತು. ಬರೀ ಕೇಳಿಸಿಕೊಳ್ಳುತ್ತಾ ಕೂತಿದ್ದ ಪರದೆಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಹಳೇ ರೇಟು ನೋಡಿಕೊಂಡು ಎಷ್ಟು ಬೆಳೆಗಾರರು ವಾಪಸ್ ಹೋದರೋ ಅನ್ನೋದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಇದು ನನ್ನೊಬ್ಬನ ಕಥೆ ಅಲ್ಲ. ಆ ಪರದೆಗೆ ರೇಟು ಬರುತ್ತಿದ್ದುದು ವೆಬ್‌ಸಾಕೆಟ್‌ನಲ್ಲಿ, ಅಂದರೆ ಬ್ರೌಸರ್, ಸರ್ವರ್ ಎರಡೂ ಯಾವಾಗ ಬೇಕಾದರೂ ಮಾತಾಡಬಹುದಾದ, ತೆರೆದೇ ಇರುವ ಸಂಪರ್ಕದಲ್ಲಿ. ಅದನ್ನು ತೆರೆಯುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ತೆರೆದಿದ್ದನ್ನು ಉಳಿಸಿಕೊಳ್ಳುವುದು ಯಾರ ಕೆಲಸ ಅನ್ನೋದು ಮಾತ್ರ ಕಾಲಕಾಲಕ್ಕೆ ಕೈ ಬದಲಾಯಿಸುತ್ತಾ ಬಂದಿದೆ.

1991ರಿಂದ ಹದಿನೈದು ವರ್ಷ ವೆಬ್ಬಿನದು ಒಂದೇ ರೀತಿ: ಬ್ರೌಸರ್ ಕೇಳಬೇಕು, ಸರ್ವರ್ ಉತ್ತರ ಕೊಡಬೇಕು. ಹೊಸ ಸುದ್ದಿ ಬೇಕಾದರೆ "ಬಂತಾ, ಬಂತಾ" ಅಂತ ಕೇಳುತ್ತಲೇ ಇರಬೇಕಿತ್ತು. ಉತ್ತರವನ್ನು ಬೇಕಂತಲೇ ತಡೆದು ಹಿಡಿಯುವ ಲಾಂಗ್ ಪೋಲಿಂಗ್‌ನಂಥ ಉಪಾಯಗಳಿಗೆ 2006ರಲ್ಲಿ ಕಾಮೆಟ್ ಅಂತ ಹೆಸರು ಬಿತ್ತು. 2008ರಲ್ಲಿ ವೆಬ್‌ಸಾಕೆಟ್ ಎಂಬ ಹೆಸರು ಹುಟ್ಟಿತು. 2010ರಲ್ಲಿ ಅದು ಕ್ರೋಮ್ 4ರಲ್ಲಿ ಬಂತು. ಬ್ರೌಸರ್, ಸರ್ವರ್ ನಡುವೆ ಕೂತು ಸಂದೇಶ ದಾಟಿಸುವ ಪ್ರಾಕ್ಸಿಗಳನ್ನು ಮೋಸಗೊಳಿಸಬಹುದು ಎಂಬ ಭಯದಿಂದ ಅದೇ ವರ್ಷದ ಕೊನೆಗೆ ಫೈರ್‌ಫಾಕ್ಸ್ 4 ಅದನ್ನು ಆಫ್ ಮಾಡಿಟ್ಟಿತು. ಬ್ರೌಸರ್ ಕಳಿಸುವ ಪ್ರತಿ ಫ್ರೇಮಿಗೂ (ಸಂದೇಶದ ತುಂಡಿಗೂ) ಮಾಸ್ಕ್ ಹಾಕಿ ರೂಪ ಮರೆಸಬೇಕು ಎಂಬ ನಿಯಮ ಸೇರಿಸಿ, 2011ರ ಡಿಸೆಂಬರ್‌ನಲ್ಲಿ ವೆಬ್‌ಸಾಕೆಟ್‌ನ ಅಧಿಕೃತ ನಿಯಮಾವಳಿ ಆರ್‌ಎಫ್‌ಸಿ 6455 ಹೊರಬಂತು.

ಆ ನಿಯಮಾವಳಿಯಲ್ಲಿ ಪಿಂಗ್, ಪಾಂಗ್ ಎರಡೂ ಇವೆ. ಒಬ್ಬ "ಇದ್ದೀಯಾ?" ಅಂದರೆ ಇನ್ನೊಬ್ಬ "ಇದ್ದೀನಿ" ಅನ್ನಬೇಕು. ಆದರೆ ಎಷ್ಟು ಹೊತ್ತಿಗೊಮ್ಮೆ ಕೇಳಬೇಕು ಅಂತ ಇಲ್ಲ, ಕೇಳಲೇಬೇಕು ಅಂತಲೂ ಇಲ್ಲ. ಬ್ರೌಸರಿನ ಜಾವಾಸ್ಕ್ರಿಪ್ಟಿನಿಂದ ಪಿಂಗ್ ಕಳಿಸಲು ಬರುವುದಿಲ್ಲ. ಸರ್ವರಿನ ಪಿಂಗಿಗೆ ಬ್ರೌಸರ್ ತಾನೇ ಉತ್ತರ ಕೊಟ್ಟುಬಿಡುತ್ತದೆ, ನಮ್ಮ ಕೋಡಿಗೆ ಅದು ಕಾಣಿಸುವುದೂ ಇಲ್ಲ. ಕೆಳಗೆ ಡೇಟಾ ಸಾಗಿಸುವ ಟಿಸಿಪಿಯೇ ಪತ್ತೆ ಮಾಡಲಿ ಅಂದರೆ, ಲಿನಕ್ಸ್‌ನಲ್ಲಿ ಅದರ ಕೀಪ್‌ಅಲೈವ್ ತಪಾಸಣೆ ಆನ್ ಮಾಡಿದರೂ ಡೀಫಾಲ್ಟಾಗಿ ಮೊದಲ ವಿಚಾರಣೆ ನಡೆಯುವುದು 7200 ಸೆಕೆಂಡ್ ಆದಮೇಲೆ. ಎರಡು ಗಂಟೆ! ಅಷ್ಟರಲ್ಲಿ ಮಾರುಕಟ್ಟೆ ಮುಗಿದಿರುತ್ತದೆ.

2013ರ ಕೊನೆಗೆ ಜಾವಾದ ಫ್ರೇಮ್‌ವರ್ಕ್ ಸ್ಪ್ರಿಂಗ್ 4 ವೆಬ್‌ಸಾಕೆಟ್ ಸೌಲಭ್ಯ ತಂದಿತು. ಜೊತೆಗೆ ಸ್ಟಾಂಪ್ (ಸಂದೇಶ ಹಂಚುವ ಒಂದು ಕ್ರಮ), ಸಾಕ್‌ಜೆಎಸ್ (ವೆಬ್‌ಸಾಕೆಟ್ ನಡೆಯದ ಕಡೆ ಬದಲಿ ದಾರಿ ಹಿಡಿಯುವ ಲೈಬ್ರರಿ) ಬಂದವು. ಸಾಕ್‌ಜೆಎಸ್ ಬಳಸಿದವರಿಗೆ 25 ಸೆಕೆಂಡಿಗೊಂದು ಹಾರ್ಟ್‌ಬೀಟ್, ಅಂದರೆ ಸಂಪರ್ಕ ಬದುಕಿದೆ ಅನ್ನುವ ಪುಟ್ಟ ಸಂದೇಶ, ಸುಮ್ನೆ ಸಿಗುತ್ತಿತ್ತು. ಹೆಚ್ಚಿನವರಿಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಬೀಳಲಿಲ್ಲ.

ಅದೇ ಹೊತ್ತಿಗೆ ರಿಯಾಕ್ಟಿವ್ ಗಾಳಿ ಎದ್ದಿತು: ಉತ್ತರಕ್ಕೆ ಕಾಯುತ್ತಾ ಕೂರದೆ, ಡೇಟಾ ಬಂದ ಹಾಗೆ ನಿಭಾಯಿಸುವ ಕೋಡಿನ ರೀತಿ. 2015ರಲ್ಲಿ ಅದರ ನಿಯಮಾವಳಿ ರಿಯಾಕ್ಟಿವ್ ಸ್ಟ್ರೀಮ್ಸ್ 1.0 ಬಂತು. ಅದರ ಜೀವಾಳ ಬ್ಯಾಕ್‌ಪ್ರೆಶರ್. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರದ ಮೇಲಿದ್ದಾನೆ ಅಂತ ಇಡೀ ತೋಟದ ಕೊನೆಯನ್ನು ಒಂದೇ ದಿನ ಇಳಿಸುವುದಿಲ್ಲ. ಸುಲಿಯಲು ಎಷ್ಟು ಜನ ಇದ್ದಾರೆ, ರಾತ್ರಿಯೊಳಗೆ ಎಷ್ಟು ಡಬ್ಬಿ ಆಗುತ್ತದೆ ಅಂತ ನೋಡಿ ಅಷ್ಟೇ ಇಳಿಸುತ್ತಾರೆ. ಇಲ್ಲದಿದ್ದರೆ ಅಂಗಳದಲ್ಲೇ ಅಡಿಕೆ ಹಾಳಾಗುತ್ತದೆ. ಸುಲಿಯುವವರು "ಇನ್ನಿಷ್ಟು ಕೊಡಿ" ಅಂದಷ್ಟೇ ಕಳಿಸುವುದು: ಬ್ಯಾಕ್‌ಪ್ರೆಶರ್ ಅಂದರೆ ಇಷ್ಟೇ.

2017ರ ಸೆಪ್ಟೆಂಬರ್‌ನಲ್ಲಿ ಸ್ಪ್ರಿಂಗ್ 5ರ ಜೊತೆ ಅದರ ರಿಯಾಕ್ಟಿವ್ ಭಾಗವಾದ ವೆಬ್‌ಫ್ಲಕ್ಸ್ ಬಂದಾಗ ವೆಬ್‌ಸಾಕೆಟ್‌ಗೂ ಈ ರೀತಿಯ ಹೊಸ ರೂಪ ಬಂತು. ಗೋಜಲು ಶುರುವಾಗಿದ್ದು ಇಲ್ಲಿಂದಲೇ ಅಂತ ನನ್ನ ಲೆಕ್ಕ. ಹೊಸ ಮನೆಯಲ್ಲಿ ಸ್ಟಾಂಪ್ ಇಲ್ಲ, ಸಾಕ್‌ಜೆಎಸ್ ಇಲ್ಲ. ಹಾಗಾಗಿ ಸುಮ್ನೆ ಸಿಗುತ್ತಿದ್ದ ಹಾರ್ಟ್‌ಬೀಟೂ ಇಲ್ಲ. ಅದು ಹೋಯಿತು ಅಂತ ಯಾರೂ ಗಮನಿಸಲಿಲ್ಲ, ಏಕೆಂದರೆ ಇತ್ತು ಅನ್ನೋದನ್ನೂ ಗಮನಿಸಿರಲಿಲ್ಲ.

ಹೊಸ ಕಾನ್ಫಿಗರೇಶನ್ ನೋಡಲು ಚಿಕ್ಕದು. ಯಾವ ವಿಳಾಸಕ್ಕೆ ಯಾವ ಹ್ಯಾಂಡ್ಲರ್ (ಸಂಪರ್ಕ ನಿಭಾಯಿಸುವ ಕೋಡು) ಅಂತ ಒಂದು ಮ್ಯಾಪಿಂಗ್ ಬರೆಯಬೇಕು. ಸಾಮಾನ್ಯ ಕಂಟ್ರೋಲರ್‌ಗಳಿಗಿಂತ ಮೊದಲು ಅದನ್ನು ನೋಡಲಿ ಅಂತ ಆರ್ಡರ್ -1 ಕೊಡಬೇಕು. ಹ್ಯಾಂಡ್ಲರ್ ಒಂದು ಮೋನೋ, ಅಂದರೆ ಕೆಲಸ ಮುಗಿದಾಗ ತಿಳಿಸುವ ಭರವಸೆ, ವಾಪಸ್ ಕೊಡಬೇಕು. ಮೊದಲ ಪೆಟ್ಟು ಬೀಳುವುದು ಇಲ್ಲಿ. ಆ ಮೋನೋ ಮುಗಿದ ಕ್ಷಣ ಸಂಪರ್ಕವೂ ಮುಚ್ಚುತ್ತದೆ. ಖಾಲಿ ಮೋನೋ ಕೊಟ್ಟರೆ ಬಾಗಿಲು ತೆರೆದ ಕೂಡಲೇ ಹಾಕಿಕೊಳ್ಳುತ್ತದೆ. ಬರುವುದನ್ನು ಓದುವ ಫ್ಲಕ್ಸ್ (ಸಂದೇಶಗಳ ಹರಿವು), ಕಳಿಸುವ ಕೆಲಸ, ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಕೊಡಬೇಕು.

ಎಲ್ಲರಿಗೂ ಒಂದೇ ಸುದ್ದಿ ಹಂಚುವ ಸಿಂಕ್‌ನದ್ದು ಇನ್ನೊಂದು ಕಥೆ. ಜಾಸ್ತಿ ಜನ ಆರಿಸಿಕೊಳ್ಳುವುದು ಬಫರ್ ಇರುವ ಮಲ್ಟಿಕಾಸ್ಟ್ ಸಿಂಕ್. ಕೊನೆಯ ಕೇಳುಗ ಎದ್ದು ಹೋದರೆ ಅದು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಡೀಫಾಲ್ಟೇ ಹಾಗೆ. ರಾತ್ರಿ ಅಂಗಡಿಗಳೆಲ್ಲ ಬಾಗಿಲು ಹಾಕಿ ಪರದೆ ಆರಿಸುತ್ತವೆ. ಬೆಳಗ್ಗೆ ಸಂಪರ್ಕವೇನೋ ಸರಿಯಾಗಿಯೇ ತೆರೆಯುತ್ತದೆ, ರೇಟು ಮಾತ್ರ ಯಾರಿಗೂ ಬರುವುದಿಲ್ಲ. ಇದನ್ನು ಹುಡುಕಲು ನನಗೆ ಮೂರು ಬೆಳಗಿನ ಜಾವ ಬೇಕಾದವು. ಆಟೋ ಕ್ಯಾನ್ಸಲ್ ಎಂಬ ಒಂದು ಆಯ್ಕೆಯನ್ನು ಬೇಡ ಅಂದರೆ ಸಾಕಿತ್ತು.

ನಡುವಿನ ಪ್ರಾಕ್ಸಿಯ ನಿಯಮವೇ ಬೇರೆ. ಎನ್‌ಜಿನ್‌ಎಕ್ಸ್ ಎಂಬ ಪ್ರಾಕ್ಸಿ, ಡೀಫಾಲ್ಟಾಗಿ, 60 ಸೆಕೆಂಡ್ ಸರ್ವರ್ ಕಡೆಯಿಂದ ಏನೂ ಬರದಿದ್ದರೆ ಸಂಪರ್ಕ ಕಡಿಯುತ್ತದೆ. ವೆಬ್‌ಸಾಕೆಟ್‌ಗೆ ಬದಲಾಗೋಣ ಅಂತ ಬ್ರೌಸರ್ ಕೇಳುವ ಅಪ್‌ಗ್ರೇಡ್ ಹೆಡರ್ ಮುಂದೆ ದಾಟಿಸಲು ಬೇರೆಯಾಗಿ ಬರೆಯಬೇಕು. ಮೊಬೈಲ್ ಜಾಲದಲ್ಲಿ ಸುಮ್ಮನಿರುವ ಸಂಪರ್ಕವನ್ನು ಯಾರಿಗೂ ಹೇಳದೆ ಮರೆತುಬಿಡುವುದೂ ಉಂಟು. ಫ್ರೇಮ್‌ವರ್ಕ್ ಬರೆದವರು ಇದು ಪ್ರಾಕ್ಸಿಯ ವಿಷಯ ಅಂದುಕೊಂಡರು, ಪ್ರಾಕ್ಸಿಯವರು ಅಪ್ಲಿಕೇಶನ್ನಿನ ವಿಷಯ ಅಂದುಕೊಂಡರು. ಎಲ್ಲರೂ ತಮ್ಮ ಮಟ್ಟಿಗೆ ಸರಿಯೇ. ಹತ್ತು ನಿಮಿಷ ಕರೆಂಟು ನಿಂತರೆ ಹೇಗೆ ಅನ್ನೋ ಪ್ರಶ್ನೆ ಮಾತ್ರ ಯಾರ ಪಾಲಿಗೂ ಬರಲಿಲ್ಲ.

ಮತ್ತೆ ಜೋಡಿಸುವ ಕೆಲಸದಲ್ಲೂ ಒಂದು ಸೂಕ್ಷ್ಮ ಇದೆ. ಮತ್ತೆ ಪ್ರಯತ್ನಿಸುವ ರೀಟ್ರೈ ಕೆಲಸ ಮಾಡುವುದು ಎರರ್ ಬಂದರೆ ಮಾತ್ರ. ಸರ್ವರ್ ಮರ್ಯಾದೆಯಿಂದ ಮುಚ್ಚಿದರೆ ಅದು ಎರರ್ ಅಲ್ಲ, ಮುಕ್ತಾಯ. ಅದಕ್ಕೆ ರಿಪೀಟ್ ಬೇಕು. ಕರೆಂಟು ಬಂದ ಕೂಡಲೇ ಎಲ್ಲ ಪರದೆಗಳೂ ಒಟ್ಟಿಗೆ ಬಾಗಿಲು ಬಡಿಯದ ಹಾಗೆ, ಕಾಯುವ ಹೊತ್ತು ಒಂದೊಂದಕ್ಕೂ ಸ್ವಲ್ಪ ಹೆಚ್ಚುಕಮ್ಮಿ ಇರಬೇಕು. ವೆಬ್‌ಫ್ಲಕ್ಸ್‌ನ ತಳದಲ್ಲಿರುವ ರಿಯಾಕ್ಟರ್ ಲೈಬ್ರರಿಯ ಬ್ಯಾಕ್‌ಆಫ್ (ಕಾದು ಕಾದು ಮತ್ತೆ ಪ್ರಯತ್ನಿಸುವುದು) ಇದನ್ನು ತಾನೇ ಮಾಡುತ್ತದೆ, ಅದನ್ನು ಮೆಚ್ಚಲೇಬೇಕು.

2018ರಲ್ಲಿ ಎಚ್‌ಟಿಟಿಪಿ/2 ಮೇಲೂ ವೆಬ್‌ಸಾಕೆಟ್ ಓಡಿಸುವ ಆರ್‌ಎಫ್‌ಸಿ 8441 ಬಂತು. 2023ರಲ್ಲಿ ಜಾವಾ 21, ಕಾಯುವ ಕೆಲಸಗಳನ್ನು ಅಗ್ಗವಾಗಿ ಒಟ್ಟಿಗೆ ನಡೆಸುವ ವರ್ಚುವಲ್ ಥ್ರೆಡ್ ತಂದ ಮೇಲೆ, ರಿಯಾಕ್ಟಿವ್ ಇನ್ನು ಯಾಕೆ ಅಂತ ಕೇಳುವವರೂ ಇದ್ದಾರೆ. ಬ್ರೌಸರಿನ ಹಳೆಯ ವೆಬ್‌ಸಾಕೆಟ್‌ಗೆ ಮಾತ್ರ ಈಗಲೂ ಬ್ಯಾಕ್‌ಪ್ರೆಶರ್ ಇಲ್ಲ. ಬಂದದ್ದೆಲ್ಲ ಅಂಗಳಕ್ಕೆ ಬೀಳುತ್ತದೆ.

ಮಾವನ ಅಂಗಡಿಗೆ ಈಗ ಸರ್ವರ್ 20 ಸೆಕೆಂಡಿಗೊಮ್ಮೆ ಒಂದು ಪುಟ್ಟ ಸಂದೇಶ ಕಳಿಸುತ್ತದೆ. ಪಿಂಗ್ ಅಲ್ಲ, ಜಾವಾಸ್ಕ್ರಿಪ್ಟಿಗೆ ಕಾಣಿಸುವ ಸಾಮಾನ್ಯ ಸಂದೇಶ. 45 ಸೆಕೆಂಡ್ ಏನೂ ಬರದಿದ್ದರೆ ಟೈಮ್‌ಔಟ್ ಆಗಿ, ಹಳೆಯದನ್ನು ಬಿಟ್ಟು ಹೊಸದಾಗಿ ಜೋಡಿಸುತ್ತದೆ. ಹಸಿರು ಚುಕ್ಕಿ ತೆಗೆದುಹಾಕಿದ್ದೇನೆ. ಅದರ ಜಾಗದಲ್ಲಿ, ಪ್ರತಿ ರೇಟಿನ ಪಕ್ಕ, ಅದು ಎಷ್ಟು ಹೊತ್ತಿಗೆ ಬಂದಿದ್ದು ಅಂತ ದಪ್ಪ ಅಕ್ಷರದಲ್ಲಿ ಇದೆ. ಲೈನು ಹೋದಾಗ ರೇಟು ಬೂದು ಬಣ್ಣಕ್ಕೆ ತಿರುಗುತ್ತದೆ. ಆಗ ಮಾವ ಶಿವಮೊಗ್ಗಕ್ಕೆ ಫೋನ್ ಮಾಡಿ ಕೇಳುತ್ತಾರೆ.