ಮಸಿ ಹಿಡಿದಿದ್ದು ಲೋಟಕ್ಕೆ, ತಪ್ಪು ಬತ್ತಿಯದು

ಮೇಣದಬತ್ತಿ ಮಾಡುವುದು ನನ್ನ ಕೆಲಸ. ಅದರ ಜೊತೆಗೆ ಇನ್ನೊಂದು ಕೆಲಸವೂ ಅಂಟಿಕೊಂಡಿದೆ. ಉರಿದು ಖಾಲಿಯಾದ ಲೋಟ, ಸ್ಟ್ಯಾಂಡುಗಳನ್ನು ಜನ ತಂದು ಕೊಡುತ್ತಾರೆ. ನಾನು ತೊಳೆದು, ಹೊಸ ಮೇಣ ತುಂಬಿಸಿ ವಾಪಸ್ ಕೊಡುತ್ತೇನೆ. ಹಾಗಾಗಿ ಬೇರೆಯವರ ಮನೆಯ ಮಸಿ ದಿನಾ ನನ್ನ ಮೇಜಿನ ಮೇಲಿರುತ್ತದೆ.

ಸ್ವಲ್ಪ ದಿನದ ಹಿಂದೆ ಒಬ್ಬರು ದಪ್ಪ ಗಾಜಿನ ಲೋಟ ತಂದರು. ಒಂದು ಮಗ್ಗುಲು ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಮಗ್ಗುಲು ಬಾಯಿಯಿಂದ ಮೂರು ಬೆರಳು ಕೆಳಗಿನವರೆಗೂ ಕಪ್ಪು.

"ಈ ಸಲ ಮೇಣ ಸರಿ ಇರಲಿಲ್ಲ ಅನ್ಸುತ್ತೆ" ಎಂದರು.

"ಫ್ಯಾನ್ ಹಾಕ್ಕೊಂಡು ಹಚ್ತೀರಾ?" ಎಂದು ಕೇಳಿದೆ.

"ಹೂಂ. ನಿಮಗೆ ಹೇಗೆ ಗೊತ್ತಾಯ್ತು?"

ಲೋಟವೇ ಹೇಳುತ್ತಿತ್ತು. ಗಾಳಿ ಒಂದೇ ಕಡೆಯಿಂದ ಬಂದರೆ ಜ್ವಾಲೆ ಎದುರು ಗೋಡೆಯ ಕಡೆ ವಾಲುತ್ತದೆ, ಮಸಿ ಆ ಕಡೆಯೇ ಕೂರುತ್ತದೆ. ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ಬತ್ತಿ ಉದ್ದವಾಗಿತ್ತು ಎಂದರ್ಥ. ಗೋಡೆಗೆ ದಪ್ಪ ಮೇಣ ಹಾಗೇ ಅಂಟಿಕೊಂಡು ನಡುವೆ ಬಾವಿಯಂತೆ ಗುಂಡಿ ಬಿದ್ದಿದ್ದರೆ, ಹಚ್ಚಿದವರು ಅವಸರದಲ್ಲಿ ಆರಿಸಿದ್ದಾರೆ. ಸ್ಟ್ಯಾಂಡ್ ತೊಳೆಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದು ಅಷ್ಟು ಕೊಳೆಯಾಗಿದ್ದು ಯಾಕೆ ಅಂತ ಕೇಳುವವರು ಕಡಿಮೆ. ನಾನು ಮೊದಲು ಅಲ್ಲಿಂದಲೇ ಶುರು ಮಾಡುತ್ತೇನೆ.

ಉರಿಯುವುದು ಬತ್ತಿ ಅಂತ ನಾವು ಅಂದುಕೊಂಡಿರುತ್ತೇವೆ. ಬತ್ತಿ ಉರಿಯುವುದು ಸ್ವಲ್ಪವೇ. ನಿಜವಾಗಿ ಉರಿಯುವುದು ಮೇಣದ ಆವಿ. ಜ್ವಾಲೆಯ ಬಿಸಿಗೆ ಮೇಣ ಕರಗುತ್ತದೆ, ಬತ್ತಿಯ ನೂಲು ಅದನ್ನು ಮೇಲಕ್ಕೆ ಹೀರುತ್ತದೆ, ತುದಿಯಲ್ಲಿ ಅದು ಆವಿಯಾಗಿ ಹೊತ್ತಿಕೊಳ್ಳುತ್ತದೆ. ಆರಿಸಿದ ತಕ್ಷಣ ಬಿಳಿ ಹೊಗೆಯ ಎಳೆಯೊಂದು ಏಳುತ್ತದಲ್ಲ, ಅದು ಉರಿಯದೇ ಉಳಿದ ಮೇಣವೇ. ಆ ಎಳೆಗೆ ಉರಿಯುವ ಕಡ್ಡಿ ಹಿಡಿದರೆ ಬೆಂಕಿ ಹೊಗೆಯ ಮೇಲೇ ಇಳಿದು ಬಂದು ಬತ್ತಿಯನ್ನು ಮತ್ತೆ ಹಚ್ಚುತ್ತದೆ. ವಿಜ್ಞಾನಿ ಮೈಕೆಲ್ ಫ್ಯಾರಡೆ 1860ರ ಕ್ರಿಸ್ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಶುರು ಮಾಡಿದ ಉಪನ್ಯಾಸಗಳಲ್ಲಿ ಇದನ್ನು ಮಕ್ಕಳಿಗೆ ಮಾಡಿ ತೋರಿಸಿದ್ದರು. ನಾನೂ ಗಿರಾಕಿಗಳಿಗೆ ತೋರಿಸುತ್ತಿರುತ್ತೇನೆ. ದೊಡ್ಡವರೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ಈಗ ಮಸಿಗೆ ಬರೋಣ. ಜ್ವಾಲೆ ಹಳದಿಯಾಗಿ ಕಾಣುವುದು ಅದರೊಳಗೆ ಕಾದು ಹೊಳೆಯುವ ಮಸಿಯ ಕಣಗಳಿಂದಲೇ. ಎಲ್ಲ ಸರಿಯಿದ್ದಾಗ ಆ ಕಣಗಳು ಜ್ವಾಲೆಯ ಅಂಚಿಗೆ ಬರುವಷ್ಟರಲ್ಲಿ ಸುಟ್ಟು ಹೋಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಬತ್ತಿ ಉದ್ದವಾದರೆ ಮೇಣ ಜಾಸ್ತಿ ಏರುತ್ತದೆ, ಅಷ್ಟನ್ನು ಸುಡಲು ಗಾಳಿ ಸಾಲುವುದಿಲ್ಲ. ಫ್ಯಾನಿನ ಗಾಳಿಗೆ ಜ್ವಾಲೆ ಕುಣಿದರೂ ಕಣಗಳು ಅರ್ಧ ಸುಟ್ಟು ಹೊರಗೆ ಬೀಳುತ್ತವೆ. ಲೋಟಕ್ಕೆ ಹಿಡಿಯುವ ಮಸಿ ಅದೇ. ಮನೆಯ ಗೋಡೆಗೆ, ಛಾವಣಿಗೆ ಹಿಡಿಯುವುದೂ ಅದೇ.

ಆದ್ದರಿಂದ ಪ್ರತಿ ಸಲ ಹಚ್ಚುವ ಮುಂಚೆ ಬತ್ತಿಯನ್ನು ಸುಮಾರು 6 ಮಿಲಿಮೀಟರ್ ಉಳಿಸಿ ಕತ್ತರಿಸಿ. ಮೇಣ ತಣ್ಣಗಾಗಿ ಗಟ್ಟಿಯಾಗಿರುವಾಗ ಮಾತ್ರ. ಕೆಲವು ಬತ್ತಿಗಳ ತುದಿಯಲ್ಲಿ ಅಣಬೆಯಂಥ ಕರಿ ಗಂಟು ಕೂತಿರುತ್ತದೆ, ಅದೂ ಹೋಗಬೇಕು. ಲೋಟದೊಳಗೆ ಕತ್ತರಿ ಹೋಗುವುದಿಲ್ಲ ಅನ್ನುವವರಿಗೆ ನನ್ನ ಉತ್ತರ ನೇಲ್ ಕಟರ್. ಬತ್ತಿಗೆಂದೇ ಬಾಗಿದ ಕತ್ತರಿ ಸಿಗುತ್ತದೆ, ನೋಡಲು ಚೆಂದ ಇದೆ, ಆದರೆ ಅದಿಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ. ಕತ್ತರಿಸಿದ ಕರಕಲನ್ನು ಮಾತ್ರ ಅಲ್ಲೇ ಬೀಳಲು ಬಿಡಬೇಡಿ. ಕರಗಿದ ಮೇಣದಲ್ಲಿ ಬಿದ್ದ ಕರಕಲು, ಬೆಂಕಿಕಡ್ಡಿಯ ತುಂಡು ಎಲ್ಲವೂ ಮೇಣ ಹೀರಿ ಇನ್ನೊಂದು ಬತ್ತಿಯಾಗುತ್ತವೆ. ಗಾಜಿನ ಗೋಡೆಗೆ ಒತ್ತಿಕೊಂಡೇ ಒಂದು ಜ್ವಾಲೆ ಎದ್ದರೆ ಗಾಜು ಸೀಳುತ್ತದೆ.

ಹಿಂದಿನ ಕಾಲದಲ್ಲಿ ಇದು ಇನ್ನೂ ದೊಡ್ಡ ತಲೆನೋವಾಗಿತ್ತು. ಆಗಿನ ಬತ್ತಿ ಸುಮ್ಮನೆ ಹೊಸೆದ ನೂಲು. ನೆಟ್ಟಗೆ ಜ್ವಾಲೆಯೊಳಗೇ ನಿಂತು ಕರಕಲಾಗಿ ಬೆಳೆಯುತ್ತಿತ್ತು. ಉರಿಯುತ್ತಿರುವಾಗಲೇ ಪದೇ ಪದೇ ಕುಡಿ ಕತ್ತರಿಸಬೇಕಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಜಡೆಯಂತೆ ಹೆಣೆದ ಬತ್ತಿ ಬಂತು. ಅದು ಉರಿಯುತ್ತಾ ಒಂದು ಕಡೆ ಬಾಗುತ್ತದೆ, ತುದಿ ಜ್ವಾಲೆಯ ಅಂಚಿಗೆ ಬಂದು ತಾನೇ ಬೂದಿಯಾಗುತ್ತದೆ. ನಿಮ್ಮ ಮೇಣದಬತ್ತಿಯ ಬತ್ತಿ ಸೊಟ್ಟಗಿದೆ ಅಂತ ಬೇಸರ ಮಾಡಿಕೊಳ್ಳಬೇಡಿ, ಅದು ಬಾಗಲೆಂದೇ ಹೆಣೆದಿರುತ್ತಾರೆ.

ಲೋಟದ ಮೇಣದಬತ್ತಿಗೆ ಮೊದಲ ಸಲದ ಉರಿ ಬಹಳ ಮುಖ್ಯ. ಕರಗಿದ ಮೇಣ ಅಂಚು ಮುಟ್ಟುವವರೆಗೂ ಬಿಡಬೇಕು. ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಒಂದು ಗಂಟೆ ಅಂತ ನಮ್ಮ ಕೆಲಸದಲ್ಲಿ ಒಂದು ಲೆಕ್ಕ ಇದೆ. ಏಳೂವರೆ ಸೆಂಟಿಮೀಟರಿನ ಲೋಟಕ್ಕೆ ಮೂರು ಗಂಟೆ. ಅರ್ಧ ಗಂಟೆಗೇ ಆರಿಸಿದರೆ ನಡುವೆ ಮಾತ್ರ ಗುಂಡಿ ಬೀಳುತ್ತದೆ. ಮುಂದಿನ ಸಲವೂ ಉರಿ ಅದೇ ಗುಂಡಿಯಲ್ಲಿ ಇಳಿಯುತ್ತದೆ. ಆಗಲೇ ಗುಂಡಿ ಬಿದ್ದಿದ್ದರೆ ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಂಡು ಲೋಟದ ಬಾಯಿಗೆ ಸುತ್ತ ಮಡಚಿ, ನಡುವೆ ದೊಡ್ಡ ತೂತು ಬಿಟ್ಟು ಹಚ್ಚಿ. ಬಿಸಿ ಒಳಗೇ ನಿಂತು ಅಂಚಿನ ಮೇಣವೂ ಕರಗುತ್ತದೆ. ಪಕ್ಕದಲ್ಲೇ ಕೂತಿರಿ, ಫಾಯಿಲ್ ಚೆನ್ನಾಗಿ ಕಾದಿರುತ್ತದೆ. ಹಾಗಂತ ದಿನವಿಡೀ ಉರಿಸುವುದೂ ಬೇಡ. ನಾಲ್ಕು ಗಂಟೆಗೆ ಒಮ್ಮೆ ಆರಿಸಿ, ತಣಿಸಿ, ಬತ್ತಿ ಕತ್ತರಿಸಿ ಮತ್ತೆ ಹಚ್ಚಿ.

ಉದ್ದನೆಯ ಮೇಣದಬತ್ತಿಯ ಕಥೆ ಬೇರೆ. ಅದರ ಸ್ಟ್ಯಾಂಡು ಕೆಡುವುದು ಮಸಿಯಿಂದಲ್ಲ, ಸೋರುವುದರಿಂದ. ಸೋರಲು ಸಾಮಾನ್ಯವಾಗಿ ಎರಡೇ ಕಾರಣ, ಗಾಳಿ ಅಥವಾ ಓರೆ. ಮೇಣದಬತ್ತಿ ಓರೆಯಾಗಿ ನಿಂತರೆ ಒಂದು ಕಡೆಯ ಅಂಚು ಮೊದಲು ಕರಗಿ ಕಟ್ಟೆ ಒಡೆದಂತೆ ಮೇಣ ಹರಿಯುತ್ತದೆ. ಓರೆ ಯಾಕಾಗುತ್ತದೆ? ಸ್ಟ್ಯಾಂಡಿನ ಗುಳಿಯಲ್ಲಿ ಹಳೆ ಮೇಣ ಹಾಗೇ ಉಳಿದಿರುತ್ತದೆ, ಅದಕ್ಕೆ. ತೊಳೆಯದ ಸ್ಟ್ಯಾಂಡು ಇನ್ನಷ್ಟು ಕೊಳೆಯಾಗುವುದು ಹೀಗೆ. ಗುಳಿ ಶುಚಿಯಿದ್ದೂ ಮೇಣದಬತ್ತಿ ಅಲುಗಾಡಿದರೆ ಅದರ ಬುಡವನ್ನು ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ, ಮೆತ್ತಗಾದಾಗ ಒತ್ತಿ ಕೂರಿಸಿ.

ಆರಿಸುವಾಗ ಊದಬೇಡಿ. ಲೋಟದೊಳಗೆ ಊದಿದರೆ ಬಿಸಿ ಮೇಣ ಗೋಡೆಗೆ ಚಿಮ್ಮುತ್ತದೆ, ಮುಖಕ್ಕೂ ಚಿಮ್ಮಬಹುದು. ಲೋಹದ ಕಡ್ಡಿಯಿಂದ ಬತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ, ತಕ್ಷಣ ಎತ್ತಿ ನಿಲ್ಲಿಸಿ. ಹೊಗೆಯೇ ಬರುವುದಿಲ್ಲ, ಬತ್ತಿಗೂ ಮೇಣ ಹಿಡಿದು ಮುಂದಿನ ಸಲ ಬೇಗ ಹತ್ತುತ್ತದೆ.

ಇನ್ನು ತೊಳೆಯುವ ವಿಷಯ. ಮೇಣ ತಣ್ಣಗಾದರೆ ಕುಗ್ಗುತ್ತದೆ, ಬಿಸಿಯಾದರೆ ಕರಗುತ್ತದೆ. ಈ ಎರಡರಲ್ಲಿ ಯಾವುದನ್ನು ಯಾವ ಸ್ಟ್ಯಾಂಡಿಗೆ ಬಳಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ಉಜ್ಜುವುದಕ್ಕೆ ಇದರಲ್ಲಿ ದೊಡ್ಡ ಪಾತ್ರವಿಲ್ಲ. ಚಾಕುವಿಗಂತೂ ಇಲ್ಲವೇ ಇಲ್ಲ.

ಗಾಜಿನ ಲೋಟಕ್ಕೆ ನಾನು ಮೊದಲು ಫ್ರೀಜರ್ ನೋಡುತ್ತೇನೆ. ಲೋಟ ಪೂರ್ತಿ ಆರಿ ಕೋಣೆಯ ಬಿಸಿಗೆ ಬಂದಿರಬೇಕು. ಉರಿದ ಬಿಸಿಯಲ್ಲೇ ಒಳಗಿಟ್ಟರೆ ಗಾಜು ಒಡೆಯುತ್ತದೆ. ಒಂದೆರಡು ಗಂಟೆ ಬಿಟ್ಟು ತೆಗೆದು, ಬೋರಲು ಹಾಕಿ ಅಂಗೈಗೆ ಮೆಲ್ಲಗೆ ತಟ್ಟುತ್ತೇನೆ. ಕೆಲವೊಮ್ಮೆ ತಟ್ಟುವ ಮುಂಚೆಯೇ ಒಳಗಿನಿಂದ 'ಟಕ್' ಅಂತ ಸಣ್ಣ ಸದ್ದು. ಮೇಣ ಗೋಡೆ ಬಿಟ್ಟಿತು ಅಂತ ಅರ್ಥ. ಇಡೀ ಬಿಲ್ಲೆ ಬತ್ತಿಯ ಬುಡದ ತಗಡಿನ ಸಮೇತ ಕೈಗೆ ಬೀಳುತ್ತದೆ. ಇಷ್ಟು ವರ್ಷವಾದರೂ ಆ ಸದ್ದು ಕೇಳಿದರೆ ನನಗೆ ಖುಷಿ. ಲೋಟದ ಬಾಯಿ ಕಿರಿದಾಗಿದ್ದರೆ ಬಿಲ್ಲೆ ಹೊರಗೆ ಬರುವುದಿಲ್ಲ, ಆಗ ಬಿಸಿನೀರು. ಮೊದಲು ಉಗುರುಬೆಚ್ಚಗಿನದು, ಆಮೇಲೆ ಬಿಸಿಯದು, ಕುದಿಯುವುದು ಬೇಡ. ಪ್ಯಾರಫಿನ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ಮೇಣ, ಸಾಮಾನ್ಯವಾಗಿ 46ರಿಂದ 68 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ, ಜೇನುಮೇಣ 62-64ರಲ್ಲಿ. ಕರಗಿದ ಮೇಣ ನೀರಿನ ಮೇಲೆ ತೇಲುತ್ತದೆ. ಹಾಗೇ ಆರಲು ಬಿಡಿ, ಗಟ್ಟಿಯಾದ ಪದರವನ್ನು ಬೆರಳಲ್ಲಿ ಎತ್ತಿ ತೆಗೆಯಿರಿ.

ಉಳಿದ ತೆಳು ಜಿಡ್ಡನ್ನು ಗಾಜು ಬೆಚ್ಚಗಿರುವಾಗಲೇ ಒಣ ಟಿಶ್ಯೂನಲ್ಲಿ ಒರೆಸಬೇಕು, ಸೋಪು ಅದರ ನಂತರ. ಮಸಿಗೂ ಇದೇ ಕ್ರಮ. ಒದ್ದೆ ಬಟ್ಟೆ ಮೊದಲು ತಾಗಿಸಿದಿರೋ, ಮಸಿ ಲೋಟದ ತುಂಬ ಹರಡುತ್ತದೆ. ಸೋಯಾ ಮೇಣ ಎಣ್ಣೆಯಿಂದ ಮಾಡಿದ್ದು, ಅದರ ಜಿಡ್ಡು ಬೆಚ್ಚಗಿನ ಸೋಪು ನೀರಿಗೆ ಸುಲಭವಾಗಿ ಬಿಡುತ್ತದೆ. ಪ್ಯಾರಫಿನ್ ಅಷ್ಟು ಬೇಗ ಜಗ್ಗುವುದಿಲ್ಲ. ಹಟಮಾರಿ ಕಲೆಗೆ ಸ್ಪಿರಿಟ್ ಹಚ್ಚಿ ಒರೆಸಬಹುದು, ಆದರೆ ಪೂರ್ತಿ ಒಣಗದೆ ಆ ಲೋಟದ ಹತ್ತಿರ ಬೆಂಕಿ ತರಬೇಡಿ.

ಕರಗಿದ ಮೇಣವನ್ನು, ಮೇಣ ಬೆರೆತ ಬಿಸಿನೀರನ್ನು ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಹೋಗಿ ಗಟ್ಟಿಯಾದ ಮೇಲೆ ಕೊಳಾಯಿ ರಿಪೇರಿಯವರೇ ಬರಬೇಕು. ನೀರು ತಣಿಸಿ, ಮೇಣ ತೆಗೆದು, ಕಸದ ಬುಟ್ಟಿಗೆ.

ಲೋಹದ ವಿಷಯದಲ್ಲಿ ನನ್ನ ಒಂದು ಪೆದ್ದುತನ ಹೇಳಲೇಬೇಕು. ಕೆಲಸ ಶುರು ಮಾಡಿದ ಹೊಸತು. ಒಬ್ಬರು ಅಜ್ಜಿಯ ಕಾಲದ ಬೆಳ್ಳಿ ಸ್ಟ್ಯಾಂಡು ತಂದಿದ್ದರು. ಗುಳಿಯ ತುಂಬ ಹಳೆ ಮೇಣ. ಬೆಳ್ಳಿಗೆ ಬಿಸಿನೀರು ಏನು ಮಾಡೀತು ಅಂತ ಕುದಿಯುವ ನೀರಿನ ಪಾತ್ರೆಯಲ್ಲಿ ಇಡೀ ಸ್ಟ್ಯಾಂಡನ್ನು ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಕಾಂಡ ಒಂದು ಕಡೆ ವಾಲಿದೆ. ಎತ್ತಿದೆ. ಬುಡದ ಅಂಚಿನಿಂದ ಟಾರಿನಂಥ ಕಪ್ಪು ಅಂಟು ದಾರದಂತೆ ಇಳಿಯಿತು. ಅದು ಕೊಳೆಯಲ್ಲ. ಇಂಥ ಸ್ಟ್ಯಾಂಡುಗಳಲ್ಲಿ ಎಷ್ಟೋ ತೆಳು ಬೆಳ್ಳಿ ತಗಡಿನವು. ಬೀಳದಂತೆ ಭಾರ ಬರಲೆಂದು ಒಳಗೆ ರಾಳ ಅಥವಾ ಪ್ಲಾಸ್ಟರ್ ತುಂಬಿರುತ್ತಾರೆ. ನಾನು ಆ ರಾಳವನ್ನೇ ಕರಗಿಸಿದ್ದೆ. ಅವರ ಮುಂದೆ ಆ ಸ್ಟ್ಯಾಂಡು ಇಟ್ಟಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಿಪೇರಿ ಖರ್ಚು ನಾನೇ ಕೊಟ್ಟೆ.

ಈಗ ಬೆಳ್ಳಿ ಸ್ಟ್ಯಾಂಡು ಬಂದರೆ ಮೊದಲು ಮಗುಚಿ ನೋಡುತ್ತೇನೆ. ಬುಡಕ್ಕೆ ಮೆತ್ತನೆ ಬಟ್ಟೆ ಅಂಟಿಸಿ ಮುಚ್ಚಿದ್ದರೆ, ತೂಕವೆಲ್ಲ ಬುಡದಲ್ಲೇ ಇದ್ದರೆ ಒಳಗೆ ಏನೋ ತುಂಬಿದ್ದಾರೆ. ಅಂಥದ್ದನ್ನು ನೀರಲ್ಲಿ ಮುಳುಗಿಸುವುದಿಲ್ಲ, ಫ್ರೀಜರಿಗೂ ಹಾಕುವುದಿಲ್ಲ. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಗುಳಿಗೆ ಮಾತ್ರ ಸುತ್ತಿ, ಮೇಣ ಮೆತ್ತಗಾದಂತೆ ಬೆರಳಲ್ಲೋ ಮರದ ಕಡ್ಡಿಯಲ್ಲೋ ತೆಗೆಯುವುದು. ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ.

ಗಟ್ಟಿ ಹಿತ್ತಾಳೆ, ಕಬ್ಬಿಣ, ಸ್ಟೀಲಿಗೆ ಬಿಸಿನೀರಿನ ಭಯವಿಲ್ಲ, ಕಬ್ಬಿಣವನ್ನು ತಕ್ಷಣ ಒರೆಸಿ ಒಣಗಿಸಿದರೆ ಆಯಿತು. ಹಿತ್ತಾಳೆಗೆ ವಾರ್ನಿಷ್ ಲೇಪ ಇದ್ದರೆ ಪಾಲಿಶ್ ಹಾಕಬೇಡಿ, ಲೇಪ ಅಲ್ಲಲ್ಲಿ ಕಿತ್ತು ಕಲೆ ಕಲೆಯಾಗುತ್ತದೆ. ಮರದ್ದನ್ನು ನೆನೆಸಬಾರದು. ಹೇರ್ ಡ್ರೈಯರನ್ನು ಸಣ್ಣ ಬಿಸಿಯಲ್ಲಿಟ್ಟು ಮೇಣ ಮೆತ್ತಗೆ ಮಾಡಿ ಪೇಪರಿನಿಂದ ಒತ್ತಿ ತೆಗೆಯಿರಿ. ಅಮೃತಶಿಲೆಗೆ ವಿನೆಗರ್ ತಾಗಿಸಲೇಬೇಡಿ, ಹೊಳಪು ಹೋಗುತ್ತದೆ. ಮೆರುಗು ಹಾಕದ ಮಣ್ಣಿನ ಸ್ಟ್ಯಾಂಡು ಮೇಣ ಕುಡಿದಿದ್ದರೆ ಪೂರ್ತಿ ಬಿಡಿಸುವುದು ನನ್ನ ಕೈಯಲ್ಲಂತೂ ಆಗಿಲ್ಲ.

ಲೋಟದ ತಳಕ್ಕೆ ಸ್ವಲ್ಪ ನೀರು ಹಾಕಿ ಅದರ ಮೇಲೆ ಮೇಣದಬತ್ತಿ ಇಟ್ಟರೆ ಅಂಟುವುದಿಲ್ಲ ಅಂತ ಒಂದು ಉಪಾಯ ಓಡಾಡುತ್ತಿದೆ. ನನಗೆ ಅದು ಇಷ್ಟವಿಲ್ಲ. ಬಿಸಿ ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ, ಉರಿ ಕೆಳಗಿಳಿದಾಗ ಚಟಪಟ ಸಿಡಿಯುತ್ತದೆ. ಲೋಟದ ಮೇಣವೇ ಹೊತ್ತಿ ಉರಿದರೂ ನೀರು ಸುರಿಯಬೇಡಿ. ನೀರು ಒಮ್ಮೆಗೇ ಆವಿಯಾಗಿ ಉರಿಯುವ ಮೇಣವನ್ನು ಮೇಲಕ್ಕೆ ಎಸೆಯುತ್ತದೆ. ಲೋಹದ ಮುಚ್ಚಳ ಮುಚ್ಚಿ, ತಣಿಯುವವರೆಗೆ ತೆಗೆಯಬೇಡಿ.

ಮತ್ತೆ ತುಂಬಿಸಬಾರದ ಲೋಟಗಳೂ ಇವೆ. ತಳದವರೆಗೂ ಉರಿಸಿದ ಗಾಜು ನೇರ ಜ್ವಾಲೆಯ ಬಿಸಿ ತಿಂದಿರುತ್ತದೆ. ಅದಕ್ಕೇ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿ ಅನ್ನುವುದು. ಚಾಕುವಿನಲ್ಲಿ ಕೆರೆದ ಗೆರೆ ಇದ್ದರೂ ಬೇಡ, ಸೀಳು ಅಲ್ಲಿಂದಲೇ ಹೊರಡುತ್ತದೆ. ನಾನು ಒಳಗೋಡೆಗೆ ಉಗುರು ಆಡಿಸಿ ನೋಡುತ್ತೇನೆ. ಉಗುರು ಎಲ್ಲಾದರೂ ತಡೆದರೆ ಆ ಲೋಟ ಪೆನ್ಸಿಲ್ ಇಡಲು. ನನ್ನ ಮೇಜಿನ ಮೇಲೆ ಅಂಥವು ಐದಾರಿವೆ.

ಫ್ಯಾನಿನ ಕೆಳಗೆ ಹಚ್ಚುತ್ತಿದ್ದವರು ಕಳೆದ ವಾರ ಮತ್ತೆ ಬಂದಿದ್ದರು. "ಈ ಸಲ ನೋಡಿ" ಎಂದು ಲೋಟ ಮುಂದಿಟ್ಟರು. ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿದೆ. ಮಸಿಯ ಸುಳಿವಿಲ್ಲ, ಅಂಚಿನಲ್ಲಿ ಮೇಣವೂ ಉಳಿದಿಲ್ಲ. ತಳದಲ್ಲಿ ಉಳಿಸಿದ್ದ ಒಂದು ಸೆಂಟಿಮೀಟರ್ ಮೇಣದಲ್ಲಿ ಮಾತ್ರ ಅರ್ಧ ಸುಟ್ಟ ಬೆಂಕಿಕಡ್ಡಿಯೊಂದು ಹೂತು ಕೂತಿತ್ತು.