ಗುಡುಗುಡಿ ಯಾರದು? ಷರೀಫಜ್ಜನ ಪದ ಗಿಟಾರಿಗೆ ಬಂದ ದಾರಿ

ಹುಬ್ಬಳ್ಳಿ-ಧಾರವಾಡದ ಕಾಲೇಜು ಗ್ಯಾದರಿಂಗ್‌ಗಳಲ್ಲಿ ಒಂದು ತಕರಾರು ಈಗ ಕಾಯಂ ಆಗಿದೆ. ಹುಡುಗರು ಡ್ರಮ್ಸು, ಗಿಟಾರು ಜೋಡಿಸಿಕೊಂಡು 'ಗುಡುಗುಡಿಯ ಸೇದಿ ನೋಡೋ' ಎತ್ತುತ್ತಾರೆ. ನಿರೂಪಕಿ 'ರಘು ದೀಕ್ಷಿತ್ ಹಾಡು' ಅಂದಿರುತ್ತಾಳೆ. ಮುಂದಿನ ಸಾಲಿನ ಮಾಸ್ತರು 'ಅಶ್ವತ್ಥರದು' ಎಂದು ತಿದ್ದುತ್ತಾರೆ. ಹಿಂದಿನಿಂದ ಶಿಗ್ಗಾಂವಿ ಕಡೆಯ ಯಾರೋ ಒಬ್ಬರು, "ಇಬ್ಬರದೂ ಅಲ್ರೀ, ನಮ್ಮ ಅಜ್ಜಂದು" ಅನ್ನುತ್ತಾರೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ತೊಡಕು ಇರುವುದೇ ಅಲ್ಲಿ.

ಅಜ್ಜ ಎಂದರೆ ಶಿಶುನಾಳ ಷರೀಫರು, 1819ರಿಂದ 1889ರವರೆಗೆ ಬದುಕಿದವರು. ಅವರ ಊರು ಆಗ ಧಾರವಾಡ ಸೀಮೆಗೆ ಸೇರಿತ್ತು, 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಗುರು ಕಳಸದ ಗೋವಿಂದ ಭಟ್ಟರು. ಅಜ್ಜ ತೀರಿಕೊಂಡ ಮೇಲೆ ಹತ್ತಿರಹತ್ತಿರ ನೂರು ವರ್ಷ ಈ ಪದಗಳು ಬಾಯಿಂದ ಬಾಯಿಗೆ, ಭಜನಿ ಮೇಳದಿಂದ ಮೇಳಕ್ಕೆ ದಾಟುತ್ತ ಉಳಿದವು.

ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಅವನ್ನು ನಾಡಿನ ಮುಂದಿಟ್ಟು 'ಷರೀಫ್ ಭಟ್ಟ'ರೆಂದೇ ಹೆಸರಾದರು. ಸಿ. ಅಶ್ವತ್ಥ್ ಧಾಟಿ ಕಟ್ಟಿ ಕ್ಯಾಸೆಟ್ಟಿಗೆ ತಂದರು. 1990ರಲ್ಲಿ ನಾಗಾಭರಣರ ಸಿನಿಮಾ ಬಂತು, ಶ್ರೀಧರ್ ಷರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು.

ಆ ಕ್ಯಾಸೆಟ್ಟಿನ ಕಾಲ ನಮ್ಮ ಮನೆಯೊಳಗೇ ನಡೆದದ್ದು. ಕಾಕಾ ಅಮಾಸಿ ಭಜನಿಗೆ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ. ಏಕತಾರಿ, ತಾಳ, ದಮ್ಮಡಿ, ಒಂದು ಕಂದೀಲು, ಅಷ್ಟೇ ಮೇಳ. ಅವರ ಧಾಟಿ ನಿಧಾನ. ಒಬ್ಬ ಎತ್ತಿದ ಸಾಲನ್ನು ಉಳಿದವರು ಎರಡೆರಡು ಸಲ ಎಳೆಯುವರು, ನಡುವೆ ಯಾರೋ ಎದ್ದು ಅಡಕಿ ತರಲು ಹೋಗುವರು. ಕ್ಯಾಸೆಟ್ ಬಂದ ಎರಡು ಮಳೆಗಾಲದೊಳಗೆ ಅದೇ ಮೇಳ ಅಶ್ವತ್ಥರ ಧಾಟಿಗೆ ತಿರುಗಿತು. ಹಳೆಯದನ್ನು ಹಾಡಿದರೆ ಹುಡುಗರು "ಕಾಕಾ, ಹಾಡು ತಪ್ಪೇತಿ" ಅನ್ನತೊಡಗಿದರು. ಕಾಕಾ ನಕ್ಕು ಪೇಟಿಯ ಸ್ವರದ ಮನಿ ಬದಲಿಸಿದ. ಆ ಹಳೆಯ ಧಾಟಿ ನನಗೂ ಈಗ ಅರ್ಧವೇ ನೆನಪು. 'ಮೂಲ ಧಾಟಿ ಕೆಡಿಸಿದರು' ಎಂದು ರಾಕ್ ಹುಡುಗರ ಮೇಲೆ ಸಿಟ್ಟಾಗುವವರು ಬಹಳ ಮಟ್ಟಿಗೆ ಮೂಲವೆಂದು ನಂಬಿರುವುದು ಕ್ಯಾಸೆಟ್ಟನ್ನು.

ಈ ಕಥೆಯಲ್ಲಿ ರಘು ದೀಕ್ಷಿತ್ ಬರುವುದು ತಡವಾಗಿ. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ, ಕಲಿತದ್ದು ಭರತನಾಟ್ಯ, ಗಿಟಾರು ಮಾತ್ರ ತಾವೇ ಹಿಡಿದು ಪಳಗಿಸಿದ್ದು. ಔಷಧ ಕಂಪನಿಯ ಕೆಲಸಕ್ಕೆ ಬೆಲ್ಜಿಯಂವರೆಗೆ ಹೋಗಿ ಬಂದರು. 'ಅಂತರಾಗ್ನಿ' ಎಂಬ ತಂಡ ಕಟ್ಟಿದರು, ಅದು ಚದುರಿತು, ಆಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಆಯಿತು. ಮುಂಬೈಯ ಕಂಪನಿಗಳು ಬೇಡವೆಂದ ಹಾಡುಗಳನ್ನು 2008ರಲ್ಲಿ ವಿಶಾಲ್-ಶೇಖರ್ ಜೋಡಿ ತಮ್ಮದೇ ಲೇಬಲ್ಲಿನಿಂದ ಹೊರತಂದಿತು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, ಮರುವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತ ಹಾಡುವ ಈ ಮನುಷ್ಯನ ಜೊತೆ ಕನ್ನಡದ ಒಂದಕ್ಷರ ಬಾರದವರೂ 'ಗುಡುಗುಡಿ' ಅಂದರು. 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲಿ ಷರೀಫರ 'ಲೋಕದ ಕಾಳಜಿ'ಯೂ ಬಂತು. ಒಂದು ಮಾತು ಹೇಳಲೇಬೇಕು: ಇಂಗ್ಲಿಷ್ ರಾಕ್ ಬಿಟ್ಟು ಬೇರೆ ಕೇಳದ ನಮ್ಮ ವಿದ್ಯಾನಗರದ ಹುಡುಗರು ಷರೀಫರತ್ತ ಕಿವಿ ತಿರುಗಿಸಿದ್ದು ಈ ಗಿಟಾರಿನಿಂದ, ನಮ್ಮ ಭಾಷಣಗಳಿಂದಲ್ಲ.

ಕಾನೂನಿನ ಲೆಕ್ಕ ಬೇರೆ. ಪದ ಬರೆದವರು ಕಾಲವಾಗಿ 60 ವರ್ಷ ದಾಟಿದರೆ ಪದ ಎಲ್ಲರದು, ಹೀಗಾಗಿ ಷರೀಫರ ಸಾಹಿತ್ಯ ಯಾರಪ್ಪನ ಆಸ್ತಿಯೂ ಅಲ್ಲ. ಧಾಟಿ ಕಟ್ಟಿದವರಿಗೂ ಅದೇ 60ರ ಲೆಕ್ಕ. ಅಶ್ವತ್ಥರು ಹೋದದ್ದು 2009ರಲ್ಲಿ, ಅವರ ಧಾಟಿಗಳ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. ಧ್ವನಿಮುದ್ರಣದ ಹಕ್ಕು ಇವೆರಡರಿಂದಲೂ ಬೇರೆ. ನನಗೆ ಗೊತ್ತಿರುವ ಒಂದು ತಂಡ ಯೂಟ್ಯೂಬಿಗೆ ಷರೀಫರ ಪದ ಹಾಕಿದ ದಿನವೇ ಒಂದು ಕಂಪನಿಯ ಹೆಸರಿನಲ್ಲಿ ಕ್ಲೇಮು ಬಂತು. "ಅಜ್ಜನ ಪದಕ್ಕ ಕಂಪನಿ ಯಾಕ್ ಬಂತ್ರೀ?" ಎಂದು ಹುಡುಗರು ಕೇಳಿದರು. ಧಾಟಿ, ಸಾಹಿತ್ಯ ಎಂದು ಬಿಡಿಸಿ ಹೇಳಿದೆ. ಅವರ ಮುಖ ನೋಡಿದರೆ ಒಪ್ಪಿದಂತೆ ಕಾಣಲಿಲ್ಲ.

ನನ್ನ ಸಂಕಟ ಹಕ್ಕಿನದಲ್ಲ, ಶಬ್ದದ್ದು. 'ಸೋರುತಿಹುದು ಮನೆಯ ಮಾಳಿಗಿ' ಎಂದಾಗ ಬೆಂಗಳೂರಿನವರಿಗೆ ಮಹಡಿ ಕಾಣುತ್ತದೆ. ನಮ್ಮ ಕಡೆ ಮಾಳಿಗಿ ಎಂದರೆ ತೊಲಿ-ಜಂತಿ ಮೇಲೆ ಮಣ್ಣು ಹಾಸಿದ ಚಪ್ಪಟೆ ಮೇಲ್ಮುದ್ದಿ. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಿ ತುಳಿಯದಿದ್ದರೆ ಶ್ರಾವಣದ ಜಿಟಿಜಿಟಿ ಮಳೆಗೆ ಮೂಲೆಮೂಲೆಗೂ ಬೋಗುಣಿ ಇಡಬೇಕು. ಆ ಬೋಗುಣಿಯ ಸಪ್ಪಳ ಕೇಳಿದವರಿಗೆ ಪದ ಬಿಡಿಸಿ ಹೇಳಬೇಕಾಗಿಲ್ಲ. ಗುಡುಗುಡಿ, ಅಂದರೆ ಹುಕ್ಕಾ, ಅದೂ ಹಾಗೆಯೇ. ಮನಸ್ಸೇ ಸಂಚಿ, ಮೋಹವೇ ಅದರೊಳಗಿನ ಭಂಗಿ ಸೊಪ್ಪು ಎನ್ನುವ ಪದ ಅದು. ಈಗ ಹೊಗೆ ಬಿಡುವ ಮಷೀನು ಹಚ್ಚಿ ಹಾಡುತ್ತಾರೆ.

ಇನ್ನು ರೀಲುಗಳು. ಹೆಚ್ಚಿನವು ಅರ್ಧ ನಿಮಿಷದಲ್ಲಿ ಮುಗಿಯುತ್ತವೆ. 'ಶಿಶುನಾಳಧೀಶ' ಎಂಬ ಅಂಕಿತ ಬರುವುದು ಕೊನೆಯ ನುಡಿಯಲ್ಲಿ. ಕಾಕಾನ ಮೇಳದಲ್ಲಿ ಆ ಶಬ್ದ ಬಂದಾಗ ತಾಳ ಹಿಡಿದವರು ಒಂದು ಕ್ಷಣ ಕೈ ಎತ್ತಿ ಹಣೆಗೆ ಮುಟ್ಟಿಸುತ್ತಿದ್ದರು. ಪೇಟಿ ಮಾತ್ರ ನಿಲ್ಲುತ್ತಿರಲಿಲ್ಲ.